ಹೂವೋ ಬೋಳೋ

ಸೆಪ್ಟೆಂಬರ್ ೩, ಗುರುವಾರ

ಮತ್ತೆ ಅದೇ ಕನಸು. ದನಗಳು ಬೆಟ್ಟದಿಂದ ಇಳಿದು ಬರುತ್ತಿವೆ. ನಾನು ಸೇತುವೆಯ ಹತ್ತಿರ ಕೆಂಪು ಬಟ್ಟೆ ಹಿಡಿದು ವಾಹನಗಳನ್ನು ನಿಲ್ಲಿಸಿದ್ದೇನೆ. ಹೂವು ಇರಬೇಕಾದದ್ದು ತಲೆಯ ಮೇಲೆ. ಆದರೆ ಎಲ್ಲ ದನಗಳ ಬಾಯಲ್ಲೂ ಕಾಗದದ ಹೂವು ತುರುಕಿದೆ, ಮೂಗಿನಲ್ಲಿ ಬುಸುಗುಡುತ್ತಿವೆ. ಕೈ ಹಾಕಿ ತೆಗೆಯಬೇಕು ಎಂದು ಗೊತ್ತು. ತೆಗೆಯುವುದಿಲ್ಲ. ಕೆಂಪು ಬಟ್ಟೆ ಕೆಳಗಿಟ್ಟರೆ ವಾಹನಗಳು ನುಗ್ಗುತ್ತವಲ್ಲ ಎಂದು ಹಿಡಿದುಕೊಂಡೇ ನಿಂತಿದ್ದೇನೆ. ಎಚ್ಚರವಾದಾಗ ಹೆದರಿಕೆಯೂ ಇರಲಿಲ್ಲ. ಎದ್ದು ಕೋಳಿಗೂಡಿನ ಚಿಲಕ ನೋಡಿ ಬಂದೆ. ಹಾಕಿಯೇ ಇತ್ತು.

ಬರೆದರೆ ತಲೆ ಹಗುರಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದಾರೆ. ನಾನು ಶಾಲೆಗೆ ಹೋದದ್ದು ಚಳಿಗಾಲದಲ್ಲಿ ಮಾತ್ರ. ಬೇಸಿಗೆ ಬಂತೆಂದರೆ ಯಾರದೋ ಮನೆಯ ಕುರಿ ಕಾಯಲು ಕಳಿಸುತ್ತಿದ್ದರು. ಹಾಗಾಗಿ ನನಗೆ ಚಳಿಗಾಲದ ಪಾಠಗಳಷ್ಟೇ ಬರುತ್ತವೆ. ಬರೆದು ನೋಡುತ್ತಿದ್ದೇನೆ. ತಲೆ ಹಗುರಾಗಿಲ್ಲ. ಭಾರವೂ ಇಲ್ಲ.

ಸಂಜೆ ರೋಮೆಡ್ ಬಂದಿದ್ದ. ನನ್ನ ಗಂಡ ಕಾಸಿಯಾನ್‌ನ ಚಿಕ್ಕಪ್ಪನ ಮಗ. ಮೇಲಿನ ಹುಲ್ಲುಗಾವಲು ಹಳ್ಳಿಯ ಕೆಲವು ಮನೆಗಳಿಗೆ ಕೂಡಿಯೇ ಸೇರಿದ್ದು, ಅದರ ಯಜಮಾನಿಕೆ ಅವನದು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ. ಟೋಪಿ ತೆಗೆದನೆಂದರೆ ಏನೋ ಕೇಳಲು ಬಂದಿದ್ದಾನೆ.

“ಹತ್ತೊಂಬತ್ತಕ್ಕೆ ದನ ಇಳಿಸ್ತೀವಿ ಮೇನಾ.”

“ಸರಿ.”

“ಹಿಮ ಬೀಳ್ದೇ ಇದ್ರೆ.”

“ಸರಿ.”

“ಹೂವೋ, ಬೋಳೋ?”

ಬೇಸಿಗೆಯಲ್ಲಿ ಯಾರಿಗೂ ಏನೂ ಆಗದಿದ್ದರೆ ದನಗಳು ಕೊಂಬಿಗೆ ಹೂವು ಕಟ್ಟಿಕೊಂಡು, ದೊಡ್ಡ ಗಂಟೆ ಹಾಕಿಕೊಂಡು ಇಳಿಯುತ್ತವೆ. ಒಂದು ಕರು ಪ್ರಪಾತಕ್ಕೆ ಬಿದ್ದರೂ, ದನದ ಒಡೆಯರ ಮನೆಯಲ್ಲಿ ಒಬ್ಬರು ತೀರಿಹೋದರೂ ಹೂವಿಲ್ಲ, ಗಂಟೆಯಿಲ್ಲ. ಬೋಳು ತಲೆಯಲ್ಲಿ ಸದ್ದಿಲ್ಲದೆ ಇಳಿಯುತ್ತವೆ. ಬೀದಿಯಲ್ಲಿ ನಿಂತವರು ನೋಡಿ ಟೋಪಿ ತೆಗೆಯುತ್ತಾರೆ. ಯಾರೂ ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ನಮ್ಮವರಿಗೆ ಅದು ಅನುಕೂಲ.

“ಕಾಸಿಯಾನ್‌ದು ಲೆಕ್ಕಕ್ಕೆ ಬರುತ್ತೆ ಅಂತ ಕೆಲವರು. ಬರಲ್ಲ ಅಂತ ಕೆಲವರು. ಕೊನೇ ಮಾತು ನಿಂದೇ. ಮೇಲೆ ದನ ನೋಡ್ಕೊಳ್ಳೋ ಆ ಹೊಸ ಹುಡುಗಿಗೆ ಹೇಳಿ ಕಳಿಸ್ಬೇಕು ನೋಡು, ಹೂವು ಮಾಡೋಕೆ ದಿನ ಹಿಡಿಯುತ್ತೆ. ಹನ್ನೆರಡನೇ ತಾರೀಖಿಗೆ ಬರ್ತೀನಿ.”

“ಗೊತ್ತಿಲ್ಲ ರೋಮೆಡ್.”

“ಇವತ್ತೇ ಅಂತ ಅಲ್ಲ.”

ಅವನು ಹೋದಮೇಲೆ ಲೋಟ ತೊಳೆಯುವಾಗ ನೋಡಿದೆ, ಅಂಗೈಯಲ್ಲಿ ದೊಡ್ಡ ಗುಳ್ಳೆ. ಕಾಫಿ ಪಾತ್ರೆ ಬರಿಗೈಯಲ್ಲಿ ಎತ್ತಿದ್ದೆನೋ ಏನೋ. ಗೊತ್ತೇ ಆಗಿಲ್ಲ.

ಸೆಪ್ಟೆಂಬರ್ ೫, ಶನಿವಾರ

ಝೆನ್ಸಿಯನ್ನು ಕೇಳಿದೆ. ಕಾಸಿಯಾನ್‌ನ ಅಕ್ಕ, ಅವಳಿಗೇ ಹೆಚ್ಚು ಗೊತ್ತಿರಬೇಕು. ಅವಳು ಹೇಳಿದ್ದು: “ಬೇಸಿಗೆ ಶುರುವಾಗೋದು ಮೊದಲನೇ ದನದ ಗೊರಸು ಮೇಲಿನ ಬೇಲಿ ದಾಟಿದಾಗ. ಅದಕ್ಕೆ ಮುಂಚೆ ಆಗಿದ್ದು ವಸಂತದ ಲೆಕ್ಕ.” ಅಂಗಡಿಯವಳು ಹೇಳುವುದು ಬೇರೆ. ದನ ಕೊಟ್ಟಿಗೆ ಬಿಟ್ಟ ಗಳಿಗೆಯಿಂದಲೇ ಬೇಸಿಗೆಯಂತೆ. ಪಾದ್ರಿಗಳು, “ಮೇನಾ, ದೇವರಿಗೆ ಹೂವೂ ಒಂದೇ ಬೋಳೂ ಒಂದೇ” ಅಂದರು. ದೇವರಿಗೇನು, ಸೇತುವೆ ಹತ್ತಿರ ನಿಲ್ಲುವವಳು ನಾನು.

ದನ ಏರಿಸಿದ ದಿನವೇ ಆಯಿತು ಅದು, ಜೂನಿನಲ್ಲಿ. ಬೆಳಿಗ್ಗೆ ಹೊರಡುವಾಗ ಕಾಸಿಯಾನ್, “ನೀವು ಹೊರಡಿ, ಎದೆ ಯಾಕೋ ಬಿಗಿಯಾಗಿದೆ, ಹಿಂದೇನೇ ಬರ್ತೀನಿ” ಅಂದ. ಅವನು ಹಿಂದೆಯೇ ಬರ್ತೀನಿ ಅಂದರೆ ಬರುವವನೇ. ನಾನು ವಾಹನ ನಿಲ್ಲಿಸಲು ಸೇತುವೆಗೆ ಹೋದೆ, ಅವರೆಲ್ಲ ದನ ಹೊಡೆದುಕೊಂಡು ಮೇಲೆ ಹೋದರು. ನಾನು ಮನೆಗೆ ಬಂದಾಗ ಅವನು ಖಾಲಿ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಬೂಟಿನ ಲಾಡಿ ಕಟ್ಟಿ ಆಗಿತ್ತು. ಗೊರಸು ಮೊದಲು ಬೇಲಿ ದಾಟಿತೋ, ಅವನು ಮೊದಲೋ, ಯಾರಿಗೂ ಗೊತ್ತಿಲ್ಲ. ಡಾಕ್ಟರಮ್ಮನನ್ನು ಕೇಳಿದೆ. ಹಾಗೆಲ್ಲ ಹೇಳಲು ಬರುವುದಿಲ್ಲ ಅಂದರು.

ಹೂವು ಅಂದರೆ, ಈ ಬೇಸಿಗೆ ಏನೂ ಆಗಿಲ್ಲ ಎಂದು ಊರಿಗೆಲ್ಲ ಗಂಟೆ ಬಾರಿಸಿ ಹೇಳಿದ ಹಾಗೆ. ಬೋಳು ಅಂದರೆ, ನನ್ನೊಬ್ಬಳ ಮನೆಯ ಸಲುವಾಗಿ ಎಲ್ಲರ ದನವೂ ಬೋಳು. ಮಕ್ಕಳು ವರ್ಷವೆಲ್ಲ ಕಾಯುತ್ತವೆ. ಯಾವುದು ಹೇಳಿದರೂ ತಪ್ಪಾಗುತ್ತದೆ.

ಹಿಮ ಬೇಗ ಬಿದ್ದರೆ? ರೋಮೆಡ್ ಕೋಪ ಮಾಡಿಕೊಂಡರೆ? ಕೋಪ ಮಾಡಿಕೊಳ್ಳದಿದ್ದರೆ ಅದು ಇನ್ನೂ ಕಷ್ಟ. ಚಳಿಗಾಲಕ್ಕೆ ಹುಲ್ಲು ಸಾಲುತ್ತದೋ ಇಲ್ಲವೋ. ಕೋಳಿಗೂಡಿನ ಚಿಲಕ ಸಡಿಲವಾಗಿದೆ.

ಸೆಪ್ಟೆಂಬರ್ ೬, ಭಾನುವಾರ

ಚರ್ಚಿಗೆ ಹೋದೆ. ಬಂದೆ.

ಸೆಪ್ಟೆಂಬರ್ ೯, ಬುಧವಾರ

ಇವತ್ತು ಮೇಲೆ ಹೋಗಿದ್ದೆ. ಹೋಗಬೇಕೆಂದು ಹೊರಟವಳಲ್ಲ. ಹೊರಟದ್ದು ಅಂಗಡಿಗೆ ಮೊಟ್ಟೆ ಕೊಡಲು.

ಬಸ್ ನಿಲ್ದಾಣದ ಬೆಂಚಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಕೆನ್ನೆ ಊದಿ ಬನ್ನಿನ ಹಾಗಾಗಿತ್ತು. ಪಕ್ಕದಲ್ಲಿ ಉಪ್ಪಿನ ಎರಡು ಚೀಲ. ಎದ್ದು ನಿಂತು ಕೈ ಚಾಚಿದಳು.

“ನೀವು ಕಾಸಿಯಾನ್ ಅವರ ಹೆಂಡತಿ ಅಲ್ವಾ? ಅಂಗಡಿಯವರು ತೋರಿಸಿದ್ರು. ನಾನು ವೀಬ್ಕೆ. ಮೇಲೆ ಅವರ ಜಾಗದಲ್ಲಿ ದನ ನೋಡ್ಕೊಳ್ತಿರೋಳು. ಹಲ್ಲು ಕೀಳಿಸ್ಕೊಳ್ಳೋಕೆ ಬಂದಿದ್ದೆ.”

ಹೌದು ಅಂದೆ.

“ಅವರ ಮಂಡಿ ಹೇಗಿದೆ ಈಗ?”

ಯಾರ ಮಂಡಿ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಾಸಿಯಾನ್‌ಗೆ ಎಡ ಮಂಡಿ ನೋವಿತ್ತು, ನಿಜ.

“ಈ ವರ್ಷ ಕಾಸಿಯಾನ್ ಬರೋದಿಲ್ಲ ಅಂದ್ರು ರೋಮೆಡ್. ಯಾಕೆ ಅಂತ ಕೇಳಿದ್ರೆ ಕೆಮ್ಮಿದ್ರು. ಮೂಲೇಲಿ ಊರುಗೋಲು ನೋಡಿ ನಾನೇ ತಿಳ್ಕೊಂಡೆ. ಆಪರೇಷನ್ ಆಯ್ತಾ?”

“ಪರವಾಗಿಲ್ಲ ಈಗ,” ಅಂದೆ.

ಯಾಕೆ ಹಾಗೆ ಅಂದೆನೋ. ಬಾಯಿ ತಾನೇ ಅಂದುಬಿಟ್ಟಿತು. ತಿದ್ದೋಣ ಎಂದುಕೊಳ್ಳುವಷ್ಟರಲ್ಲಿ ಅವಳು ಬೇರೆ ಮಾತಿಗೆ ಹೋಗಿದ್ದಳು. ಗಾಳಿ ಜೋರಾಗಿದೆ ಎಂದು ಸಾಮಾನು ಏರಿಸುವ ಹಗ್ಗದ ತೊಟ್ಟಿಲನ್ನು ನಿಲ್ಲಿಸಿದ್ದಾರಂತೆ, ಉಪ್ಪು ಹೊತ್ತುಕೊಂಡೇ ಹತ್ತಬೇಕಂತೆ. ಅವಳ ಬಾಯಲ್ಲಿ ಇನ್ನೂ ಹತ್ತಿ ಇತ್ತು. ಸೇತುವೆಯ ತನಕ ಒಂದು ಚೀಲ ಹಿಡಿದುಕೊಳ್ಳುತ್ತೇನೆ ಅಂದೆ.

ಸೇತುವೆ ಬಂತು. ಅವಳು ಹೇಳುತ್ತಿದ್ದಳು, “ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಯಜಮಾನ್ರು ಹಾಲಿನ ಜರಡೀನ ಅಷ್ಟೆತ್ತರದಲ್ಲಿ ಯಾಕೆ ನೇತು ಹಾಕ್ತಾರೆ? ದಿನಾ ಎರಡು ಹೊತ್ತು ಬಕೆಟ್ ಮೇಲೆ ಹತ್ತಿ ಇಳಿಸ್ತೀನಿ. ಒಂದ್ಸಲ ಬಿದ್ದೆ.”

“ಅವನು ಉದ್ದ ಇದಾನೆ,” ಅಂದೆ. “ಬೇರೆಯವರು ಉದ್ದ ಇಲ್ಲ ಅನ್ನೋದು ಅವನ ತಲೆಗೇ ಹೋಗಲ್ಲ.”

“ಅದೇ ನೋಡಿ! ನಂಗೂ ಹಾಗೇ ಅನ್ನಿಸ್ತು.”

ಮೇರಿಯಮ್ಮನ ಗುಡಿಯ ತನಕ ಬರುತ್ತೇನೆ ಅಂದೆ. ಗುಡಿಯೂ ಬಂತು. ಅಲ್ಲಿಂದ ಕಾಡಿನ ದಾರಿ. ನನ್ನ ಕಾಲಲ್ಲಿದ್ದದ್ದು ಅಂಗಡಿಗೆ ಹಾಕುವ ಬೂಟು. ಒಲೆ ಆರಿಸಿದ್ದೆನೋ ಇಲ್ಲವೋ ನೆನಪಾಗಲಿಲ್ಲ. ಕೋಳಿಗಳಿಗೆ ನೀರು ಇಟ್ಟಿದ್ದೆ, ಅದು ಖಂಡಿತ. ಸಂಜೆ ಹುಲ್ಲಿನ ಗಾಡಿಯವನು ಬಂದರೆ? ಇನ್ನೊಂದು ತಿರುವು, ಆಮೇಲೆ ವಾಪಸ್ ಎಂದುಕೊಂಡೆ. ವೀಬ್ಕೆ ಬಾಯಿ ನೋಯುತ್ತದೆ ಅನ್ನುತ್ತಲೇ ಮಾತಾಡುತ್ತಿದ್ದಳು. ಅವಳದು ಉತ್ತರದಲ್ಲಿ ಸಮುದ್ರ ತೀರದ ಊರು. ನೆಲ ಮೇಜಿನ ಹಾಗಂತೆ, ನಾಳೆ ಬರುವ ನೆಂಟರು ಇವತ್ತೇ ಕಾಣುತ್ತಾರಂತೆ.

“ಆಲ್ಪ್ಸ್ ನೋಡ್ಬೇಕು ಅಂತ ಬಂದೆ. ಮೂರು ತಿಂಗಳು ಸಗಣಿ ನೋಡ್ದೆ. ಶಿಖರ ಇರೋದು ನನ್ನ ಬೆನ್ನ ಹಿಂದೆ, ನಾನು ಬಗ್ಗಿರೋದು ಹಸು ಕೆಳಗೆ.”

ಕಾಡು ಮುಗಿದು ಮೇಲಿನ ಬೇಲಿ ಬಂತು. ಅವಳು ಗೇಟು ತೆಗೆದು ನಿಂತಳು.

“ಇಲ್ಲಿಂದ ಮೇಲೆ ಯಾರಿಗೂ ‘ನೀವು’ ಅನ್ನಬಾರದಂತೆ. ಸೆರಾಫಿನ್ ಬೈದ.”

“ಹೌದು. ಇಲ್ಲಿಂದ ಮೇಲೆ ಬಿಷಪ್ಪರಿಗೂ ‘ನೀನು’ ಅನ್ನೋದೇ.”

“ಹಾಗಾದ್ರೆ ಬಾ ಮೇನಾ.”

ಆ ಗೇಟು ಕಾಸಿಯಾನ್ ಮಾಡಿದ್ದು. ಮುಟ್ಟಿದೆ. ಮರ. ಏನೂ ಅನ್ನಿಸಲಿಲ್ಲ.

“ನಿನ್ನ ಗಂಡ ಗೊರಕೆ ಹೊಡೀತಾನಾ? ಆ ಹಾಸಿಗೆ ಗೋಡೆ ಕಡೆ ತಗ್ಗು. ನಾನು ಎಲ್ಲಿ ಮಲಗಿದ್ರೂ ಗೋಡೆಗೆ ಉರುಳ್ತೀನಿ.”

“ಹೊಡೀತಾನೆ,” ಅಂದೆ. “ಗೋಡೆ ಕಡೆ ತಿರುಗಿಸಿದ್ರೆ ನಿಲ್ಲುತ್ತೆ.”

ಸುಳ್ಳು ಹೇಳಿದ ಹಾಗೆ ಅನ್ನಿಸಲೇ ಇಲ್ಲ.

ಬೆಟ್ಟದ ಮನೆಯಲ್ಲಿ ಸೆರಾಫಿನ್ ಇದ್ದ. ಚೀಸ್ ಮಾಡುವ ಮುದುಕ, ನನಗೆ ಬುದ್ಧಿ ಬಂದಾಗಿನಿಂದಲೂ ಅವನು ಮುದುಕನೇ. ನನ್ನನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಕಡಾಯಿಯ ಕಡೆ ತಿರುಗಿದ. ವೀಬ್ಕೆ ಬಾಣಲೆಯಲ್ಲಿ ಹಿಟ್ಟಿನ ಗಂಜಿ ಕುದಿಸಿ ಮೇಲೆ ಕಂದು ಬಣ್ಣಕ್ಕೆ ಕಾಯಿಸಿದ ಬೆಣ್ಣೆ ಸುರಿದಳು. ಒಂದೇ ಬಾಣಲೆಯಿಂದ ಮೂವರೂ ತಿಂದೆವು. ನಾನು ತಳ ಕೆರೆದೆ.

“ತಳ ಹತ್ತಿದ್ದು ನಿಂಗೂ ಇಷ್ಟನಾ?” ಅಂದಳು ವೀಬ್ಕೆ.

ತಿಂದದ್ದು ಬೆಳಗಿನಿಂದ ಮೊದಲ ಸಲ ಎಂದು ಆಗ ನೆನಪಾಯಿತು.

ಆಮೇಲೆ ಅವಳು ಮಂಚದ ಕೆಳಗಿಂದ ಪೆಟ್ಟಿಗೆ ಎಳೆದಳು. ಒಂದಲ್ಲ, ಮೂರು. ತುಂಬ ಕಾಗದದ ಗುಲಾಬಿ. ಕೆಂಪು, ಹಳದಿ, ನೀಲಿ. ಮಳೆ ಬಂದ ದಿನಗಳಲ್ಲಿ ಕೂತು ಮಾಡಿದ್ದಂತೆ. ಒಂದು ಕಿರೀಟ ಬೇರೆಯೇ ಇತ್ತು, ನಡುವೆ ಕನ್ನಡಿ ಕೂರಿಸಿದ್ದಳು.

“ಇದು ಝಿರ್ಮಾಗೆ. ನಿನ್ನ ಗಂಡ ಸಾಕಿದ ಹಸು ಅಂತಲ್ಲ ಅವಳು, ಅವನ ಬಗ್ಗೆ ಸೆರಾಫಿನ್ ಹೇಳಿದ ಒಂದೇ ಒಂದು ವಿಷಯ ಅದು. ಅವಳನ್ನ ಎಲ್ಲಕ್ಕಿಂತ ಮುಂದೆ ಬಿಡ್ತೀನಿ. ಅವನು ಸೇತುವೆ ಹತ್ರ ನಿಂತು ನೋಡ್ಲಿ. ಹಾಲು ಕರೆಯೋ ಸ್ಟೂಲಿನ ಕಾಲು ಮುರಿದು ಹಾಕಿದೀನಿ. ಇದನ್ನ ನೋಡಿದ್ರೆ ಅದನ್ನ ಮಾಫಿ ಮಾಡ್ತಾನೆ.”

ಈ ಬೇಸಿಗೆ ಮೇಲೆ ಒಂದು ಕರುವಿಗೂ ಗಾಯವಾಗಿಲ್ಲ ಎಂದು ಅವಳಿಗೆ ಹೆಮ್ಮೆ. ನಾನು ಗುಲಾಬಿಯೊಂದನ್ನು ಕೈಯಲ್ಲಿ ಹಿಡಿದುಕೊಂಡಿದ್ದೆ. ಚೆನ್ನಾಗಿತ್ತು. ಸೆರಾಫಿನ್ ಎದ್ದು ಹೊರಗೆ ಹೋದ.

ಇಳಿಯುವ ಮೊದಲು ಝಿರ್ಮಾಳನ್ನು ನೋಡಿ ಹೋಗು ಎಂದು ಕರೆದುಕೊಂಡು ಹೋದಳು. ದನಗಳು ಬಂಡೆಯ ಕೆಳಗೆ ಮೇಯುತ್ತಿದ್ದವು. ವೀಬ್ಕೆ ಎಣಿಸಿದಳು. ಮತ್ತೆ ಎಣಿಸಿದಳು. ಊದಿದ ಕೆನ್ನೆಯೂ ಬಿಳಿಚಿತು. ಝಿರ್ಮಾ ಇರಲಿಲ್ಲ.

ಒಂದೊಂದು ಕಡೆಗೆ ಒಬ್ಬೊಬ್ಬರು ಹೋದೆವು. ನಾನು ಕೂಗುತ್ತಾ ಕೊರಕಲಿನ ಅಂಚಿಗೆ ಹೋಗಿ ಕೆಳಗೆ ಬಗ್ಗಿ ನೋಡಿದೆ. ಆಗ ಬಂದ ಯೋಚನೆಯನ್ನು ಬರೆಯಬೇಕೋ ಬೇಡವೋ ಎಂದು ಇಷ್ಟು ಹೊತ್ತು ಕೂತಿದ್ದೆ. ಬರೆಯುತ್ತೇನೆ. ಝಿರ್ಮಾ ಕೆಳಗೆ ಬಿದ್ದು ಸತ್ತಿರಲಿ ಅನ್ನಿಸಿತು. ಆಗ ಎಲ್ಲ ದನವೂ ಬೋಳಾಗಿಯೇ ಇಳಿಯಬೇಕಾಗುತ್ತದೆ. ಯಾರೂ ನನ್ನನ್ನು ಏನೂ ಕೇಳುವುದಿಲ್ಲ, ನಾನೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಕಾಸಿಯಾನ್ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಹಸು ಅದು.

ಅಷ್ಟರಲ್ಲಿ ಗಂಟೆ ಕೇಳಿಸಿತು. ಕೊರಕಲಿನ ಈಚೆಯ ಪೊದೆಗಳೊಳಗೆ ಕಾಲು ಸಿಕ್ಕಿಸಿಕೊಂಡು ನಿಂತಿದ್ದಳು. ಮೇಲೂ ಇಲ್ಲ ಕೆಳಗೂ ಇಲ್ಲ. ನನ್ನನ್ನು ನೋಡಿ ಕೂಗಲೂ ಇಲ್ಲ, ಸುಮ್ಮನೆ ನೋಡಿದಳು. ನಾನು ನುಗ್ಗಿದೆ. ಕೊಂಬೆ ಮುಖಕ್ಕೆ ಹೊಡೆಯಿತು. ಕೊರಳಪಟ್ಟಿ ಹಿಡಿದು ಎಳೆದೆ, ಬೈದೆ, ಕಾಸಿಯಾನ್ ಬೈಯುವ ಬೈಗುಳಗಳನ್ನೆಲ್ಲ ಬೈದೆ. ವೀಬ್ಕೆ ಓಡಿಬಂದು ಹಿಂದಿನಿಂದ ಒತ್ತಿದಳು. ಕೊನೆಗೆ ಒಂದೇ ನೆಗೆತಕ್ಕೆ ಮೇಲೆ ಬಂದಳು ಝಿರ್ಮಾ. ನಾವಿಬ್ಬರೂ ಹಿಂದಕ್ಕೆ ಬಿದ್ದೆವು.

“ಅಯ್ಯೋ ದೇವರೇ,” ವೀಬ್ಕೆ ಬಿದ್ದಲ್ಲೇ ನಗುತ್ತಾ ಅಳುತ್ತಾ ಅಂದಳು, “ನಿನ್ನ ಗಂಡನಿಗೆ ಯಾವ ಮುಖ ತೋರಿಸ್ತಿದ್ದೆ ನಾನು?”

ಆಗ ಹೇಳಬಹುದಿತ್ತು. ಬೂಟಿನ ಕೆಸರು ಕೆರೆದುಕೊಂಡೆ.

ಗೇಟಿನ ತನಕ ಬಂದು ಬೀಳ್ಕೊಟ್ಟಳು. ಹತ್ತೊಂಬತ್ತಕ್ಕೆ ಸೇತುವೆಗೆ ಅವನನ್ನು ತಪ್ಪದೆ ಕರೆದುಕೊಂಡು ಬಾ ಅಂದಳು. ಸರಿ ಅಂದೆ. ಇಳಿಯುತ್ತಾ ಕತ್ತಲಾಯಿತು. ಒಲೆ ಆರಿಯೇ ಇತ್ತು.

ಸೆಪ್ಟೆಂಬರ್ ೧೦, ಗುರುವಾರ

ಹಿಮ್ಮಡಿ ಎರಡೂ ಸುಲಿದಿವೆ. ಮುಖದ ಗೀರು ಉರಿಯುತ್ತಿದೆ. ತೊಡೆ ಹಿಡಿದುಕೊಂಡಿದೆ, ಮೆಟ್ಟಿಲು ಇಳಿಯುವಾಗ ಅಜ್ಜಿಯ ಹಾಗೆ ಪಕ್ಕಕ್ಕೆ ತಿರುಗಿ ಇಳಿಯುತ್ತೇನೆ. ಕೋಳಿಗಳು ಕೂಗಿ ಕೂಗಿ ಎಬ್ಬಿಸಿದವು, ಅಷ್ಟು ನಿದ್ದೆ. ಇದೆಲ್ಲ ಬೇಕಿತ್ತಾ ಈ ವಯಸ್ಸಿನಲ್ಲಿ? ಬೂಟು ಹಾಳಾಯಿತು. ಮೊಟ್ಟೆ ಬುಟ್ಟಿಯನ್ನು ಬಸ್ ನಿಲ್ದಾಣದಲ್ಲೇ ಬಿಟ್ಟಿದ್ದೆ.

ಅವಳು ಸೇತುವೆ ಹತ್ತಿರ ಅವನನ್ನು ಹುಡುಕುತ್ತಾಳೆ. ಎಲ್ಲರ ಮುಂದೆ. ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡು ಉದ್ದದವನೊಬ್ಬನನ್ನು ಹುಡುಕುತ್ತಾಳೆ.

ಸೆಪ್ಟೆಂಬರ್ ೧೨, ಶನಿವಾರ

ರೋಮೆಡ್ ಬಂದ. ಟೋಪಿ ತೆಗೆಯುವ ಮೊದಲೇ ಕೇಳಿದೆ.

“ಅವಳಿಗೆ ಯಾಕೆ ಹೇಳಿಲ್ಲ?”

“ಯಾರಿಗೆ? ಏನನ್ನ?”

“ವೀಬ್ಕೆಗೆ. ಅದನ್ನ.”

ಅವನು ಕಿಟಕಿ ನೋಡಿದ. “ಸೆರಾಫಿನ್ ಹೇಳಿರ್ತಾನೆ ಅಂದ್ಕೊಂಡೆ.”

“ಸೆರಾಫಿನ್! ತನ್ನ ಮದುವೇಲಿ ಒಪ್ಪಿಗೆ ಅನ್ನೋಕೆ ಪಾದ್ರಿಗಳ ಹತ್ರ ಎರಡು ಸಲ ಕೇಳಿಸ್ಕೊಂಡವನು!”

“ಝೆನ್ಸಿ ಆಗಸ್ಟಲ್ಲಿ ಮೇಲೆ ಹೋಗಿದ್ಲಲ್ಲ...”

“ಝೆನ್ಸಿ ನೀನು ಹೇಳಿರ್ತೀಯ ಅಂದ್ಕೊಂಡಿದ್ಲು. ಕೇಳ್ದೆ ನಾನು. ಅಂಗಡಿಯವಳೂ ಅಷ್ಟೇ. ಬೇಸಿಗೆ ಪೂರ್ತಿ ಆ ಹುಡುಗಿ ಕಾಸಿಯಾನ್ ಮಂಡಿ ಹೇಗಿದೆ ಅಂತ ಕೇಳ್ತಾ ಬಂದಿದ್ದಾಳೆ, ನೀವೆಲ್ಲ ಏನು ಹೇಳಿದ್ರಿ ಅವಳಿಗೆ?”

ರೋಮೆಡ್ ತಲೆ ತಗ್ಗಿಸಿದ. “ಹೇಗೋ ಇದೆ ಅಂದೆ.”

ನನಗೆ ಕೋಪ ಬಂದಿತ್ತು. ಮೇಜಿನ ಮೇಲೆ ಹೊಡೆದೆ, ಗುಳ್ಳೆ ಒಡೆಯಿತು, ಬಾಯಿಂದ ಅಬ್ಬಾ ಎಂದು ಬಂತು. ಅವನು ಗಾಬರಿಯಾಗಿ ಎದ್ದು ನೀರು ತಂದ. ನಾನೇ ಅವಳಿಗೆ ಅದೇ ಮಾತು ಹೇಳಿದ್ದೇನೆ ಎಂದು ಅವನಿಗೆ ಗೊತ್ತಿಲ್ಲ.

“ಸೋಮವಾರ ರೊಟ್ಟಿ ಕಳಿಸುವಾಗ ಒಂದು ಚೀಟಿ ಇಡ್ತೀನಿ,” ಅಂದ.

“ರೊಟ್ಟಿ ಜೊತೆ ಕಳಿಸೋ ವಿಷಯಾನಾ ಅದು? ಏನೂ ಬೇಡ. ನಾನು ಹೇಳ್ತೀನಿ.”

“ಹೂವಿನ ವಿಷಯ?”

“ಅವಳಿಗೆ ಹೇಳಿದ್ಮೇಲೆ.”

“ಆಮೇಲೆ ಮಾಡೋಕೆ ಹೊತ್ತು ಸಾಲಲ್ಲ ಮೇನಾ.”

“ಹೂವು ಆಗಿದೆ ರೋಮೆಡ್. ಪೆಟ್ಟಿಗೆಗಟ್ಟಲೆ ಆಗಿದೆ.”

ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಹಾಕಿಕೊಂಡು ಹೋದ.

ಸೆಪ್ಟೆಂಬರ್ ೧೫, ಮಂಗಳವಾರ

ಹೇಗೆ ಹೇಳುವುದು? ಕೋಳಿಗಳ ಮುಂದೆ ಹೇಳಿ ನೋಡಿದೆ. “ಕಾಸಿಯಾನ್ ಇಲ್ಲ” ಅಂದೆ. ಅಂಗಡಿಗೆ ಹೋಗಿದ್ದಾನೆ ಅಂದ ಹಾಗೆ ಕೇಳಿಸಿತು. “ಹೋಗಿಬಿಟ್ಟ” ಅಂದೆ. ಎಲ್ಲಿಗೆ? “ದೇವರು ಕರೆದುಕೊಂಡ” ಎನ್ನುವುದು ಪಾದ್ರಿಗಳ ಮಾತು, ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಮಾತು ಇದೆ. ಅದು ಕೋಳಿಗಳ ಮುಂದೆಯೂ ಬರಲಿಲ್ಲ. ಕಂದು ಕೋಳಿ ತಲೆ ಓರೆ ಮಾಡಿ ಕಾಯುತ್ತಿತ್ತು. ಕಾಳು ಹಾಕಿ ಒಳಗೆ ಬಂದೆ.

ಅವಳು ಬಿಟ್ಟು ಹೋದರೆ? ಇಳಿಸುವ ದಿನವೇ ದನಗಾಹಿ ಇಲ್ಲದಂತಾದರೆ? ಮೇಲಿನ ಮನೆಗೆ ಒಯ್ಯಲು ಹಂದಿಮಾಂಸ ಕಟ್ಟಿಟ್ಟಿದ್ದೇನೆ. ಬೂಟಿಗೆ ಕೊಬ್ಬು ಸವರಿದೆ. ಈ ಸಲ ಬೆಟ್ಟದ ಬೂಟನ್ನೇ ಹಾಕುತ್ತೇನೆ.

ಸೆಪ್ಟೆಂಬರ್ ೧೮, ಶುಕ್ರವಾರ

ಮೇಲಿನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಗಂಡಸರು ಗಂಟೆಗಳನ್ನು ಒರೆಸುತ್ತಿದ್ದಾರೆ.

ಮಧ್ಯಾಹ್ನದ ಹೊತ್ತಿಗೆ ಬಂದೆ. ವೀಬ್ಕೆ ಕೊಟ್ಟಿಗೆ ಗುಡಿಸುತ್ತಿದ್ದಳು. ಕೆನ್ನೆ ಇಳಿದಿದೆ, ಬೇರೆ ಮುಖವೇ ಬಂದಿದೆ. ನನ್ನ ಹಿಂದೆ ಯಾರಾದರೂ ಇದ್ದಾರೋ ಎಂದು ದಾರಿಯ ಕಡೆ ನೋಡಿದಳು.

“ಅವನೂ ಬಂದ್ನಾ?”

“ಕಾಸಿಯಾನ್ ಸತ್ತ,” ಅಂದೆ. “ಜೂನಲ್ಲಿ. ದನ ಏರಿಸಿದ ದಿನ.”

ಅವಳು ಪೊರಕೆ ಹಿಡಿದುಕೊಂಡೇ ನಿಂತಳು.

“ಮಂಡಿ...”

“ಮಂಡಿ ಅಲ್ಲ. ಎದೆ.”

“ಮತ್ತೆ ಅವತ್ತು ನೀನು...”

“ಹೂಂ. ಪರವಾಗಿಲ್ಲ ಅಂದೆ.”

ಅವಳು ಅಳಲಿಲ್ಲ. ಪೊರಕೆ ಎಸೆದಳು. “ಬೇಸಿಗೆ ಪೂರ್ತಿ ಬೈದಿದ್ದೀನಿ ಅವನನ್ನ! ಆ ಜರಡಿ ಇಳಿಸೋವಾಗೆಲ್ಲ ಬೈದಿದ್ದೀನಿ. ಉದ್ದದ ಕತ್ತೆ ಅಂದಿದ್ದೀನಿ. ಸತ್ತವನನ್ನ! ನಿನ್ನ ಮುಂದೇನೂ ಬೈದೆ. ನೀನು ತಡೀಲಿಲ್ಲ.”

“ತಡೀಲಿಲ್ಲ. ಕೆಳಗೆ ಅವನನ್ನ ಯಾರೂ ಬೈಯೋದಿಲ್ಲ ವೀಬ್ಕೆ. ಜೂನಿಂದ ಒಬ್ಬರೂ ಬೈದಿಲ್ಲ. ಎಲ್ಲರೂ ಅವನನ್ನ ಚರ್ಚಿನ ಗೊಂಬೆ ಮಾಡಿಬಿಟ್ಟಿದ್ದಾರೆ. ಅವನ ಹೆಸರು ಎತ್ತಿದ್ರೆ ಟೋಪಿ ತೆಗೀತಾರೆ. ನೀನೊಬ್ಬಳೇ ಅವನ ಜೊತೆ ಜಗಳ ಆಡ್ತಾ ಇದ್ದೋಳು.”

ಇಷ್ಟು ಉದ್ದದ ಮಾತು ನಾನು ಎಲ್ಲಿಂದ ಆಡಿದೆನೋ. ಸೆರಾಫಿನ್ ಬಾಗಿಲಲ್ಲಿ ನಿಂತಿದ್ದ. ವೀಬ್ಕೆ ಅವನಿಗೂ ಒಂದು ಮಾತು ಬಿಟ್ಟಳು, “ನಿನಗೇನು ನಾಲಿಗೆ ಚೀಸಲ್ಲಿ ಬಿದ್ದು ಹೋಗಿತ್ತಾ?” ಅವನು ತಲೆಯಾಡಿಸಿದ. ಆಮೇಲೆ ಅವಳು ಒಳಗೆ ಹೋಗಿ ಪೆಟ್ಟಿಗೆ ಎಳೆದು ತಂದಳು, ಒಲೆಯ ಬಾಯಿ ತೆಗೆದಳು. ಒಂದು ಹಿಡಿ ಗುಲಾಬಿ ಹಾಕಿಯೂ ಬಿಟ್ಟಳು. ಹಳದಿಯವು, ಭುಗ್ಗೆಂದವು. ನಾನು ಅವಳ ಕೈ ಹಿಡಿದ ಜೋರಿಗೆ ಕೆಂಪಗೆ ಗುರುತು ಮೂಡಿತು.

“ಬಿಡು, ಹೂವು ಹೇಗೆ ಕಟ್ತೀರಿ? ಸೆರಾಫಿನ್ ಹೇಳಿದ್ದ ನಂಗೆ ನಿಯಮ.”

“ನೀನು ಇದನ್ನ ಮಾಡೋವಾಗ ಅವನು ಇದ್ದನಲ್ಲ.”

ಅವಳು ಕೈ ಬಿಡಿಸಿಕೊಂಡಳು. ಆಮೇಲೆ ಒಲೆ ಮುಚ್ಚಿದಳು. ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತಳು. ನಾನೂ ಕೂತೆ. ಜರಡಿಯ ವಿಷಯ ಇನ್ನೊಮ್ಮೆ ಹೇಳು ಅಂದೆ, ಬಿದ್ದೆ ಅಂದೆಯಲ್ಲ, ಹೇಗೆ ಬಿದ್ದೆ? ಮೊದಲು ಬೇಡ ಅಂದಳು. ಆಮೇಲೆ ಹೇಳಿದಳು, ಬಕೆಟ್ ಸಮೇತ, ಮೊಸರಿನ ಮೇಲೆ. ನಾನು ನಕ್ಕೆ. ನಗು ನಿಲ್ಲಿಸಲು ಆಗಲಿಲ್ಲ, ಹೊಟ್ಟೆ ಹಿಡಿದುಕೊಂಡೆ, ಕೊನೆಗೆ ಅದು ನಗುವಾಗಿ ಉಳಿಯಲಿಲ್ಲ. ವೀಬ್ಕೆ ತನ್ನ ಏಪ್ರನ್ ಕೊಟ್ಟಳು. ಸಗಣಿ ವಾಸನೆ ಇತ್ತು. ಅದರಲ್ಲೇ ಮೂಗು ಒರೆಸಿಕೊಂಡೆ.

ಸಂಜೆ ರೋಮೆಡ್ ಉಳಿದವರ ಜೊತೆ ಹತ್ತಿ ಬಂದ. ನಾವು ಫರ್ ಮರದ ಕೊಂಬೆಗಳಿಗೆ ಗುಲಾಬಿ ಕಟ್ಟುತ್ತಿದ್ದೆವು. ಬಾಗಿಲಲ್ಲೇ ನಿಂತ.

“ಹಾಗಾದ್ರೆ ಹೂವು.”

“ಹೂವು.”

“ಜನ ಏನಾದ್ರೂ ಅಂದ್ರೆ? ಕಾಸಿಯಾನ್ ಲೆಕ್ಕಕ್ಕೆ ಇಲ್ವಾ ಅಂದ್ರೆ?”

“ಕಾಸಿಯಾನ್ ಸತ್ತದ್ದು ಕೆಳಗೆ. ಮೇಲೆ ಈ ಬೇಸಿಗೆ ಅವನು ಇದ್ದ. ಬೇಕಾದ್ರೆ ಇವಳನ್ನ ಕೇಳು, ದಿನಾ ಬೈಸ್ಕೊಂಡಿದ್ದಾನೆ. ಇವತ್ತು ಮಧ್ಯಾಹ್ನದವರೆಗೂ ಇದ್ದ. ಅಷ್ಟರಲ್ಲಿ ಹೂವು ಮುಗಿದಿತ್ತು. ಜನ ಕೇಳಿದ್ರೆ ಹೀಗಂತ ಹೇಳು.”

“ಹೀಗಂತ ನಾನು ಹೇಗೆ ಹೇಳ್ಲಿ ಮೇನಾ?”

“ಬಾಯಿಬಿಟ್ಟು ಹೇಳು. ಒಂದ್ಸಲ ಅಭ್ಯಾಸ ಆಗ್ಲಿ ನಿಮಗೆಲ್ಲ.”

ಅವನು ಬೂಟು ಬಿಚ್ಚಿ ಒಳಗೆ ಬಂದು, ನೆಲದ ಮೇಲೆ ಕೂತು, ದಪ್ಪ ಬೆರಳುಗಳಲ್ಲಿ ಗುಲಾಬಿಗೆ ದಾರ ಕಟ್ಟತೊಡಗಿದ. ಅವನು ಕಟ್ಟಿದ್ದೆಲ್ಲ ಬಿಚ್ಚಿಹೋಗುತ್ತಿದೆ. ವೀಬ್ಕೆ ಮತ್ತೆ ಕಟ್ಟುತ್ತಿದ್ದಾಳೆ.

ಸೆಪ್ಟೆಂಬರ್ ೧೯, ಶನಿವಾರ

ಹಾಲು ಕರೆದಾಯಿತು. ಹಿಮ ಬಿದ್ದಿಲ್ಲ, ಹುಲ್ಲಿನ ಮೇಲೆ ಇಬ್ಬನಿಯಷ್ಟೇ. ನಾನು ಆ ತಗ್ಗು ಹಾಸಿಗೆಯಲ್ಲಿ ಗೋಡೆಗೆ ಉರುಳಿಯೇ ಮಲಗಿದ್ದೆ. ಕನಸು ಬಿದ್ದಿತೋ ಇಲ್ಲವೋ, ನೆನಪಿಲ್ಲ. ಬೆಳಿಗ್ಗೆ ರೊಟ್ಟಿ, ಬೆಣ್ಣೆ, ಹಂದಿಮಾಂಸ. ಮಾಂಸಕ್ಕೆ ಉಪ್ಪು ಜಾಸ್ತಿಯಾಗಿದೆ, ನಾನೇ ಹಾಕಿದ್ದು.

ಮೊದಲು ಝಿರ್ಮಾ, ಅವಳ ಜೊತೆ ನಾನು. ಅದು ಕಾಸಿಯಾನ್ ನಡೆಯುತ್ತಿದ್ದ ಜಾಗ. ಊರುಗೋಲು ಹಿಡಿದುಕೋ ಅಂದ ರೋಮೆಡ್. ಹಿಡಿದುಕೊಂಡಿದ್ದೇನೆ, ನನಗೆ ಉದ್ದವಾಯಿತು. ಹೊಸಿಲ ಮೇಲೆ ಕೂತು ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಝಿರ್ಮಾಳ ಕಿರೀಟ ನೋಡಿದೆ. ಕಾಡಿನ ದಾರಿಯಲ್ಲಿ ಕೊಂಬೆಗಳು ತಗ್ಗಾಗಿವೆ, ಕಿರೀಟ ದೊಡ್ಡದಾಯಿತೇನೋ. ತಲೆ ಕೊಡವಿದರೆ ಓರೆಯಾಗುತ್ತದೆ. ದಾರ ಹೊಸದು, ಹೊಸ ದಾರ ಜಾರುತ್ತದೆ. ವೀಬ್ಕೆ ಗಟ್ಟಿಯಾಗಿದೆ ಅನ್ನುತ್ತಾಳೆ. ಸಮುದ್ರದವರು ಗಂಟು ಚೆನ್ನಾಗಿ ಹಾಕುತ್ತಾರಂತೆ. ಇರಬಹುದು. ಸೆರಾಫಿನ್ ಗೇಟು ತೆಗೆಯಲು ಹೋದ. ಎದ್ದೆ.

“ವೀಬ್ಕೆ, ಎಡಗೊಂಬಿನ ಗಂಟು ಇನ್ನೊಂದ್ಸಲ ನೋಡೇ.”